ತಲುಪುವಾಗ ಧಾವಂತ, ಇಳಿಸುವಾಗ ನಿಧಾನ

‘ಮಗು ತುಂಬಾ ಸುಸ್ತಾಗಿದೆ ಡಾಕ್ಟ್ರೇ, ಒಂದು ಬಾಟ್ಲಿ ಗ್ಲೂಕೋಸ್ ಹಾಕಿಬಿಡಿ.’ ಬೆಂಗಳೂರಿನ ಶಿವಾಜಿನಗರದ ಗಲ್ಲಿಯೊಳಗಿನ ಕ್ಲಿನಿಕ್ ಇರಲಿ, ಹಲಸೂರಿನ ನರ್ಸಿಂಗ್ ಹೋಮ್ ಇರಲಿ, ಕೆ.ಆರ್. ಪುರದ ಮಾರುಕಟ್ಟೆ ಹತ್ತಿರದ ಡಾಕ್ಟರ್ ಶಾಪ್ ಇರಲಿ, ಈ ಮಾತು ಕೇಳಿಸದ ದಿನ ಕಡಿಮೆ. ಕನ್ನಡದಲ್ಲಿ ಕೇಳುತ್ತಾರೆ, ತಮಿಳಿನಲ್ಲಿ, ತೆಲುಗಿನಲ್ಲಿ, ದಖನಿ ಉರ್ದುವಿನಲ್ಲೂ ಕೇಳುತ್ತಾರೆ. ಡ್ರಿಪ್ ಏರಿದರೆ ಮಗು ಎದ್ದು ಕೂರುತ್ತದೆ ಎಂಬ ನಂಬಿಕೆ ಎಲ್ಲ ಭಾಷೆಯವರಿಗೂ ಒಂದೇ. ವಾಂತಿ–ಭೇದಿಯಿಂದ ಬಳಲಿದ ಬಹುಪಾಲು ಮಕ್ಕಳು ದ್ರವ ಒಳಗೆ ಹೋದ ಮೇಲೆ ಚೇತರಿಸಿಕೊಳ್ಳುವುದೂ ನಿಜ.

ಆದರೆ ಅಪರೂಪಕ್ಕೊಮ್ಮೆ ಆ ಸುಸ್ತಿನ ಮೂಲವೇ ರಕ್ತದಲ್ಲಿ ಮಿತಿಮೀರಿದ ಸಕ್ಕರೆಯಾಗಿರುತ್ತದೆ. ಅಂಥ ಮಗುವಿಗೆ ಗ್ಲೂಕೋಸ್ ಬಾಟ್ಲಿ ತೂಗುಹಾಕಿದರೆ ಉರಿಯುವ ಬೆಂಕಿಗೆ ತುಪ್ಪ ಸುರಿದಂತೆ. ಡಾಕ್ಟರುಗಳು ‘ಡಿಕೆಎ’ ಎಂದು ಚಿಕ್ಕದಾಗಿ ಕರೆಯುವ ಡಯಾಬಿಟಿಕ್ ಕೀಟೋಅಸಿಡೋಸಿಸ್ ಇದು. ಸರಿಯಾಗಿ ಚಿಕಿತ್ಸೆ ಸಿಕ್ಕರೆ ಎರಡು ಮೂರು ದಿನಗಳಲ್ಲಿ ಮಗು ವಾರ್ಡಿನಲ್ಲಿ ಕುಳಿತು ಇಡ್ಲಿ ತಿನ್ನುತ್ತದೆ. ತಡವಾದರೆ ಜೀವವೇ ಹೋಗಬಹುದು. ಈ ಎರಡರ ನಡುವಿನ ಅಂತರವನ್ನು ಬಹಳ ಸಲ ನಿರ್ಧರಿಸುವುದು ಬೆರಳಿಗೊಂದು ಚುಚ್ಚು ಮತ್ತು ಇಪ್ಪತ್ತು ರೂಪಾಯಿ ಆಸುಪಾಸಿನ ಒಂದು ಗ್ಲುಕೋಮೀಟರ್ ಸ್ಟ್ರಿಪ್.

ತುಂಬಿದ ಕಣಜ, ಹಸಿದ ಒಡಲು

ಮಕ್ಕಳಿಗೆ ಬರುವ ಮಧುಮೇಹ ಹೆಚ್ಚಾಗಿ ಟೈಪ್–1. ದೇಹದ ರೋಗನಿರೋಧಕ ವ್ಯವಸ್ಥೆಯೇ ಮೇದೋಜೀರಕ ಗ್ರಂಥಿಯಲ್ಲಿ ಇನ್ಸುಲಿನ್ ತಯಾರಿಸುವ ಕೋಶಗಳ ಮೇಲೆ ತಿರುಗಿಬಿದ್ದು ಅವನ್ನು ನಾಶ ಮಾಡುತ್ತದೆ. ಮಗು ಸಿಹಿ ಹೆಚ್ಚು ತಿಂದದ್ದಕ್ಕೂ ಇದಕ್ಕೂ ಸಂಬಂಧವಿಲ್ಲ. ‘ನಮ್ಮ ಮನೆತನದಲ್ಲಿ ಯಾರಿಗೂ ಶುಗರ್ ಇಲ್ಲವಲ್ಲ’ ಎಂಬ ಸಮಾಧಾನವೂ ಇಲ್ಲಿ ಕೆಲಸಕ್ಕೆ ಬಾರದು.

ಇನ್ಸುಲಿನ್ ಇಲ್ಲದಿದ್ದರೆ ರಕ್ತದಲ್ಲಿರುವ ಸಕ್ಕರೆ ಸ್ನಾಯು, ಕೊಬ್ಬಿನ ಕೋಶಗಳ ಒಳಗೆ ಹೋಗಲಾರದು. ಕಣಜದ ತುಂಬ ರಾಗಿಯಿದ್ದೂ ಬೀಗದ ಕೈ ಕಳೆದುಕೊಂಡ ಮನೆಯವರು ಹಸಿವು ತಾಳದೆ ಮನೆಯ ತೊಲೆ–ಜಂತೆ ಮಾರಿ ಉಂಡಂತೆ, ದೇಹ ತನ್ನದೇ ಕೊಬ್ಬನ್ನು ಕರಗಿಸತೊಡಗುತ್ತದೆ. ಕೊಬ್ಬು ಹೀಗೆ ಉರಿದಾಗ ಉಳಿಯುವ ಆಮ್ಲೀಯ ವಸ್ತುಗಳೇ ಕೀಟೋನ್‌ಗಳು. ಇತ್ತ ರಕ್ತದ ಸಕ್ಕರೆ ಡೆಸಿಲೀಟರಿಗೆ ಸುಮಾರು 180 ಮಿಲಿಗ್ರಾಂ ದಾಟಿದ ಮೇಲೆ ಮೂತ್ರಪಿಂಡ ಅದನ್ನು ತಡೆಹಿಡಿಯಲಾರದೆ ಹೊರಚೆಲ್ಲುತ್ತದೆ. ಸಕ್ಕರೆ ತನ್ನ ಜೊತೆಗೆ ನೀರನ್ನೂ ಸೋಡಿಯಂ, ಪೊಟ್ಯಾಸಿಯಂ ಲವಣಗಳನ್ನೂ ಎಳೆದುಕೊಂಡು ಹೋಗುತ್ತದೆ. ಮಗು ಪದೇಪದೇ ಮೂತ್ರ ಮಾಡುತ್ತದೆ, ಎಷ್ಟು ನೀರು ಕುಡಿದರೂ ದಾಹ ತೀರದು.

ಆಮ್ಲ ಏರಿದಂತೆ ಹೊಟ್ಟೆನೋವು, ವಾಂತಿ ಶುರು. ರಕ್ತದ ಆಮ್ಲವನ್ನು ಉಸಿರಿನ ಮೂಲಕವಾದರೂ ಹೊರಹಾಕೋಣವೆಂದು ದೇಹ ಆಳವಾಗಿ, ವೇಗವಾಗಿ ಉಸಿರಾಡತೊಡಗುತ್ತದೆ. ಜರ್ಮನಿಯ ವೈದ್ಯ ಅಡಾಲ್ಫ್ ಕುಸ್‌ಮೌಲ್ 1874ರಲ್ಲಿ ವಿವರಿಸಿದ ಏದುಸಿರು ಇದು. ಇಂದಿಗೂ ಅವನ ಹೆಸರಿನಿಂದಲೇ ಕರೆಯುತ್ತಾರೆ. ಬಾಯಿ ಹತ್ತಿರ ಮೂಗು ತಂದರೆ ಕೊಳೆತ ಹಣ್ಣಿನಂಥ ವಾಸನೆ. ಆಮೇಲೆ ಮಂಪರು, ಕೊನೆಗೆ ಪ್ರಜ್ಞೆ ತಪ್ಪುವುದು.

ಕಣ್ಣೆದುರೇ ಇದ್ದೂ ಕಾಣದ ಕಾಯಿಲೆ

ಬೆಂಗಳೂರಿನ ಎಂಡೋಕ್ರಿನಾಲಜಿಸ್ಟ್ ಡಾ. ಕೆ.ಎಂ. ಪ್ರಸನ್ನ ಕುಮಾರ್ 2015ರಲ್ಲಿ ಪ್ರಕಟಿಸಿದ ಲೇಖನದಲ್ಲಿ ಕರ್ನಾಟಕದ ಟೈಪ್–1 ಮಧುಮೇಹ ನೋಂದಣಿಯ 13 ವರ್ಷಗಳ ಲೆಕ್ಕವಿದೆ. ಅದರಂತೆ ವರ್ಷಕ್ಕೆ ಪ್ರತಿ ಲಕ್ಷ ಗಂಡುಮಕ್ಕಳಲ್ಲಿ 3.7, ಹೆಣ್ಣುಮಕ್ಕಳಲ್ಲಿ 4 ಹೊಸ ಪ್ರಕರಣಗಳು. ಅಂದರೆ ಸಾಮಾನ್ಯ ಕ್ಲಿನಿಕ್ಕಿನ ವೈದ್ಯರಿಗೆ ಹೊಸ ಟೈಪ್–1 ಮಗು ವರ್ಷಗಟ್ಟಲೆ ಎದುರಾಗದೇ ಇರಬಹುದು. ಜ್ವರ, ಕೆಮ್ಮು, ಡೆಂಗಿಯ ಸಾಲಿನ ನಡುವೆ ಅದು ಬಂದು ಕುಳಿತಾಗ ಮೊದಲು ಹೊಳೆಯುವುದು ಬೇರೆಯೇ ಕಾಯಿಲೆಗಳು.

ಏದುಸಿರು ಕಂಡರೆ ನ್ಯುಮೋನಿಯಾ ಅಥವಾ ವೀಸಿಂಗ್ ಎನಿಸುತ್ತದೆ. ನೆಬ್ಯುಲೈಸರ್ ಹಿಡಿಯುತ್ತಾರೆ, ಕೆಲವೊಮ್ಮೆ ಸ್ಟೀರಾಯ್ಡ್ ಕೊಡುತ್ತಾರೆ. ಸ್ಟೀರಾಯ್ಡ್ ಸಕ್ಕರೆಯನ್ನು ಇನ್ನಷ್ಟು ಏರಿಸುತ್ತದೆ. ಹೊಟ್ಟೆನೋವು ಜೋರಾಗಿದ್ದರೆ ಅಪೆಂಡಿಕ್ಸ್ ಅನುಮಾನ. ಪದೇಪದೇ ಮೂತ್ರವಾದರೆ ಯೂರಿನ್ ಇನ್‌ಫೆಕ್ಷನ್. ವಾಂತಿಯಾದರೆ ಹೊರಗಿನ ತಿಂಡಿ ತಿಂದದ್ದು. ಮನೆಯಲ್ಲಿ ಅಜ್ಜಿ ದೃಷ್ಟಿ ತೆಗೆಯುತ್ತಾರೆ, ತಾಯಿ ಮೂಸಂಬಿ ಜ್ಯೂಸ್, ಗ್ಲೂಕೋಸ್ ಪುಡಿ ಕಲಸಿ ಕುಡಿಸುತ್ತಾರೆ. ಯಾರದೂ ಕೆಟ್ಟ ಉದ್ದೇಶವಲ್ಲ. ಆದರೆ ಒಂದೊಂದು ಲೋಟವೂ ಹೊರೆ ಹೆಚ್ಚಿಸುತ್ತದೆ.

ಬಿಡಿಸಿಕೊಳ್ಳಲು ದಾರಿ ಇದೆ. ವಾಂತಿ–ಭೇದಿಯಿಂದ ನೀರು ಬತ್ತಿದ ಮಗುವಿಗೆ ಮೂತ್ರ ಕಡಿಮೆಯಾಗುತ್ತದೆ. ನಾಲಿಗೆ ಒಣಗಿ, ಕಣ್ಣು ಗುಳಿಬಿದ್ದಿದ್ದರೂ ಮಗು ಧಾರಾಳವಾಗಿ ಮೂತ್ರ ಮಾಡುತ್ತಿದ್ದರೆ ಅಲ್ಲೇ ಅನುಮಾನ ಬರಬೇಕು. ಉಸಿರು ಏದುತ್ತಿದೆ, ಸ್ಟೆತಾಸ್ಕೋಪ್ ಇಟ್ಟರೆ ಎದೆ ಸ್ವಚ್ಛವಾಗಿದೆ ಎಂದರೆ ದೋಷ ಶ್ವಾಸಕೋಶದಲ್ಲಿ ಇಲ್ಲದಿರಬಹುದು. ಎರಡು ಮೂರು ವರ್ಷದಿಂದ ಹಾಸಿಗೆ ಒದ್ದೆ ಮಾಡದಿದ್ದ ಮಗು ಮತ್ತೆ ಮಾಡತೊಡಗಿದರೆ, ಶಾಲೆಯಲ್ಲಿ ಗಂಟೆಗೊಮ್ಮೆ ಟಾಯ್ಲೆಟ್ಟಿಗೆ ಓಡಿದರೆ, ಚೆನ್ನಾಗಿ ಉಣ್ಣುತ್ತಿದ್ದೂ ಯೂನಿಫಾರಂ ಸಡಿಲವಾದರೆ, ಮೂತ್ರ ಬಿದ್ದಲ್ಲಿ ಇರುವೆ ಮುತ್ತಿದರೆ ಸಕ್ಕರೆ ಪರೀಕ್ಷೆ ಆಗಲೇಬೇಕು. ಡಯಾಪರ್ ಹಾಕುವ ಕೂಸಿನಲ್ಲಿ ಗುರುತಿಸುವುದು ಇನ್ನೂ ಕಷ್ಟ. ದಿನವೂ ತೂಕದ ಡಯಾಪರ್ ಬಿಚ್ಚುವ ತಾಯಿಗೆ ಮಾತ್ರ ಅದು ತಿಳಿದೀತು.

ಇಲ್ಲಿ ಇನ್ನೊಂದು ಎಡವಟ್ಟು ಆಗುವುದುಂಟು. ‘ನಾಳೆ ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಲ್ಯಾಬಿಗೆ ಹೋಗಿ ರಕ್ತ ಕೊಟ್ಟು ಬನ್ನಿ’ ಎಂದು ಕಳಿಸುವುದು. ದೊಡ್ಡವರಿಗೆ ಸರಿ, ಈ ಲಕ್ಷಣಗಳಿರುವ ಮಗುವಿಗೆ ಸಲ್ಲದು. ಯಾವ ಹೊತ್ತಿನಲ್ಲಾದರೂ ಸಕ್ಕರೆ 200 ದಾಟಿದ್ದರೆ ಅದೇ ದಿನ ಆಸ್ಪತ್ರೆ. ಒಂದು ರಾತ್ರಿಯಲ್ಲಿ ದಾಹ ಮಂಪರಿಗೆ ತಿರುಗಬಲ್ಲದು.

ಮೊದಲ ಗಂಟೆ ನೀರಿನದು

ಒಂದು ಮಾದರಿ ಲೆಕ್ಕ ಹಾಕೋಣ. ಏಳು ವರ್ಷದ, 20 ಕಿಲೋ ತೂಕದ ಮಗು. ಸಕ್ಕರೆ 480. ರಕ್ತದ ಪಿಎಚ್ 7.15, ಆರೋಗ್ಯವಂತರಲ್ಲಿ ಅದು 7.4ರ ಆಸುಪಾಸು ಇರುತ್ತದೆ. ಸಕ್ಕರೆ 200ಕ್ಕಿಂತ ಹೆಚ್ಚು, ಪಿಎಚ್ 7.3ಕ್ಕಿಂತ ಕಡಿಮೆ ಅಥವಾ ಬೈಕಾರ್ಬೊನೇಟ್ 18ಕ್ಕಿಂತ ಕಡಿಮೆ, ಜೊತೆಗೆ ರಕ್ತ ಇಲ್ಲವೇ ಮೂತ್ರದಲ್ಲಿ ಕೀಟೋನ್: ಮಕ್ಕಳ ಮಧುಮೇಹ ತಜ್ಞರ ಅಂತಾರಾಷ್ಟ್ರೀಯ ಸಂಘಟನೆ ‘ಇಸ್ಪಾಡ್’ನ 2022ರ ಮಾರ್ಗಸೂಚಿಯಂತೆ ಇಷ್ಟು ಸೇರಿದರೆ ಡಿಕೆಎ. ಪಿಎಚ್ 7.1ಕ್ಕಿಂತ ಕೆಳಗಿಳಿದರೆ ತೀವ್ರ ಸ್ವರೂಪ. ನಮ್ಮ ಮಾದರಿ ಮಗು ಮಧ್ಯಮ ಹಂತದ್ದು.

ಸಕ್ಕರೆ 480 ಎಂದೊಡನೆ ಇನ್ಸುಲಿನ್ ಚುಚ್ಚಲು ಕೈ ಹೋಗುವುದು ಸಹಜ. ತಡೆಯಬೇಕಾದದ್ದೇ ಅಲ್ಲಿ. ಮೊದಲ ಗಂಟೆ ಇನ್ಸುಲಿನ್‌ನದಲ್ಲ, ನೀರಿನದು. ಕಿಲೋಗೆ 10ರಿಂದ 20 ಎಂಎಲ್‌ನಂತೆ ನಾರ್ಮಲ್ ಸಲೈನ್. ಅಂದರೆ ಈ ಮಗುವಿಗೆ 200ರಿಂದ 400 ಎಂಎಲ್, ಇಪ್ಪತ್ತು ಮೂವತ್ತು ನಿಮಿಷದಲ್ಲಿ. ನಾಡಿ ಸಿಗದಂತೆ ಶಾಕ್‌ಗೆ ಹೋಗಿದ್ದರೆ ಆದಷ್ಟು ಬೇಗ. ಆಮೇಲೆ ಉಳಿದ ಕೊರತೆಯನ್ನು ಒಂದರಿಂದ ಎರಡು ದಿನಗಳಲ್ಲಿ ಹಂಚಿ ತುಂಬುತ್ತಾರೆ. ದೇಹ ತೂಕದ ಶೇ 7ರಷ್ಟು ನೀರು ಹೋಗಿದೆ ಎಂದುಕೊಂಡರೆ ಕೊರತೆ 1,400 ಎಂಎಲ್. ದಿನವಹಿ ಬೇಕಾಗುವ 1,500 ಎಂಎಲ್ ಸೇರಿಸಿ 48 ಗಂಟೆಗೆ ಹಂಚಿದರೆ ಗಂಟೆಗೆ ಸುಮಾರು 90 ಎಂಎಲ್ ಬೀಳುತ್ತದೆ. ನೀರು ಹೋದಂತೆಯೇ ರಕ್ತಸಂಚಾರ ಸುಧಾರಿಸಿ, ಮೂತ್ರಪಿಂಡ ಕೆಲಸ ಮಾಡಿ, ಇನ್ಸುಲಿನ್ ಇಲ್ಲದೆಯೂ ಸಕ್ಕರೆ ಸಾಕಷ್ಟು ಇಳಿಯುತ್ತದೆ.

ಗಂಟೆಗೊಂದು ಯೂನಿಟ್

ನೀರಿನ ನಂತರ ಇನ್ಸುಲಿನ್ ಸರದಿ. ಒಂದು ಕಾಲದಲ್ಲಿ ಅದೇ ಇರಲಿಲ್ಲ. ಶಿವಾಜಿನಗರದ ಬೌರಿಂಗ್ ಆಸ್ಪತ್ರೆ ಹುಟ್ಟಿದ್ದು 1860ರ ದಶಕದಲ್ಲಿ. ಮೈಸೂರಿನ ಕಮಿಷನರ್ ಆಗಿದ್ದ ಲೆವಿನ್ ಬೆಂಥಮ್ ಬೌರಿಂಗ್ ಹೆಸರಿನ ಆ ಆಸ್ಪತ್ರೆಗೆ ಮೊದಲ ಐವತ್ತು ವರ್ಷಗಳಲ್ಲಿ ಇಂಥ ಮಗು ಬಂದಿದ್ದರೆ ಉಳಿಸುವ ಔಷಧಿ ಅಲ್ಲಿರಲಿಲ್ಲ. ಲಂಡನ್ನಿನಲ್ಲೂ ಇರಲಿಲ್ಲ. 1922ರ ಜನವರಿ 11ರಂದು ಟೊರಾಂಟೊದಲ್ಲಿ ಲಿಯೊನಾರ್ಡ್ ಥಾಮ್ಸನ್ ಎಂಬ 14 ವರ್ಷದ ಹುಡುಗನಿಗೆ ಮೊದಲ ಬಾರಿ ಇನ್ಸುಲಿನ್ ಚುಚ್ಚಿದರು. ಅದು ಸಾಕಷ್ಟು ಶುದ್ಧವಿರಲಿಲ್ಲ. ಅದೇ ತಂಡದ ವಿಜ್ಞಾನಿ ಕೊಲಿಪ್ ಶುದ್ಧಗೊಳಿಸಿಕೊಟ್ಟ ಔಷಧಿಯನ್ನು 23ರಂದು ಮತ್ತೆ ಕೊಟ್ಟಾಗ ಹುಡುಗ ಚೇತರಿಸಿಕೊಂಡ.

ನೂರು ವರ್ಷಗಳಲ್ಲಿ ಕಲಿತದ್ದೇನೆಂದರೆ, ಡಿಕೆಎಯಲ್ಲಿ ಇನ್ಸುಲಿನ್ ಎಷ್ಟು ಕಡಿಮೆ ಸಾಕು ಎಂಬುದು. ಸಲೈನ್ ಶುರುವಾಗಿ ಕನಿಷ್ಠ ಒಂದು ಗಂಟೆಯ ಬಳಿಕ, ಕಿಲೋಗೆ ಗಂಟೆಗೆ 0.05ರಿಂದ 0.1 ಯೂನಿಟ್. ನಮ್ಮ ಮಾದರಿ ಮಗುವಿಗೆ ಗಂಟೆಗೆ ಒಂದರಿಂದ ಎರಡು ಯೂನಿಟ್, ಅಷ್ಟೇ. ಒಮ್ಮೆಗೇ ದೊಡ್ಡ ಡೋಸ್ ಕೊಡುವ ಪದ್ಧತಿ ಮಕ್ಕಳಲ್ಲಿ ನಿಷಿದ್ಧ. ನಮ್ಮಲ್ಲಿ ಸಿಗುವ ಸಾಮಾನ್ಯ ಇನ್ಸುಲಿನ್ ಬಾಟಲಿಯಲ್ಲಿ ಪ್ರತಿ ಎಂಎಲ್‌ಗೆ 40 ಯೂನಿಟ್ ಇರುತ್ತದೆ. ನರ್ಸ್ ಅದರಿಂದ 1.25 ಎಂಎಲ್ ಎಳೆದು, ಸಲೈನ್ ಬೆರೆಸಿ 50 ಎಂಎಲ್ ಮಾಡಿ, ಸಿರಿಂಜ್ ಪಂಪಿಗೆ ಸಿಕ್ಕಿಸುತ್ತಾರೆ. ಈಗ ಒಂದು ಎಂಎಲ್‌ಗೆ ಒಂದು ಯೂನಿಟ್. ಪಂಪಿನ ದಂಡ ಚಲಿಸುವುದು ಕಣ್ಣಿಗೆ ಕಾಣುವುದೇ ಇಲ್ಲ. ಪಕ್ಕದಲ್ಲಿ ನಿಂತ ಅಪ್ಪನಿಗೆ ‘ಏನೂ ಕೊಡ್ತಾನೇ ಇಲ್ಲವಲ್ಲ’ ಎನಿಸುತ್ತದೆ.

ಚಂಡೀಗಢದ ಪಿಜಿಐ ಸಂಸ್ಥೆಯ ಮಕ್ಕಳ ವೈದ್ಯರು 50 ಮಕ್ಕಳ ಮೇಲೆ ನಡೆಸಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಅರ್ಧದಷ್ಟು ಡೋಸ್, ಅಂದರೆ 0.05 ಯೂನಿಟ್ ಕೊಟ್ಟರೂ ಸಕ್ಕರೆ ಇಳಿಯುವ ವೇಗ, ಆಮ್ಲ ತಿಳಿಯಾಗುವ ಅವಧಿ ಹಿಂದೆ ಬೀಳಲಿಲ್ಲ. ಸಕ್ಕರೆ ಗಂಟೆಗೆ 36ರಿಂದ 90ರಷ್ಟು ಇಳಿದರೆ ಸಾಕು.

ನಿಧಾನಕ್ಕೆ ಇನ್ನೊಂದು ಕಾರಣ ಪೊಟ್ಯಾಸಿಯಂ. ಮೂತ್ರದಲ್ಲಿ, ವಾಂತಿಯಲ್ಲಿ ಅದು ಹೋಗಿ ದೇಹ ಬರಿದಾಗಿರುತ್ತದೆ, ಆದರೆ ರಕ್ತಪರೀಕ್ಷೆಯಲ್ಲಿ ಸರಿಯಿರುವಂತೆ ಕಾಣುತ್ತದೆ. ಇನ್ಸುಲಿನ್ ಹೋದೊಡನೆ ರಕ್ತದಲ್ಲಿದ್ದದ್ದೂ ಕೋಶಗಳೊಳಗೆ ನುಗ್ಗಿ ಹೃದಯದ ಲಯ ತಪ್ಪಬಹುದು. ಅದಕ್ಕೇ ಡ್ರಿಪ್ಪಿಗೆ ಲೀಟರಿಗೆ 40 ಮಿಲಿಮೋಲ್ ಪೊಟ್ಯಾಸಿಯಂ ಸೇರಿಸಿ, ಮಾನಿಟರ್ ಮೇಲೆ ಕಣ್ಣಿಟ್ಟಿರುತ್ತಾರೆ. ರಕ್ತದಲ್ಲಿ ಅದರ ಮಟ್ಟ 3ಕ್ಕಿಂತ ಕೆಳಗಿದ್ದರೆ ಮೊದಲು ಪೊಟ್ಯಾಸಿಯಂ, ಆಮೇಲೆ ಇನ್ಸುಲಿನ್. ಆಮ್ಲ ಹೆಚ್ಚಿದೆಯೆಂದು ಸೋಡಾಬೈಕಾರ್ಬ್ ಚುಚ್ಚುವ ಹಳೇ ಅಭ್ಯಾಸವನ್ನು ಈಗ ತಜ್ಞರು ಒಪ್ಪುವುದಿಲ್ಲ.

ಸಕ್ಕರೆ 250–300ಕ್ಕೆ ಇಳಿದಾಗ ಮನೆಯವರು ಗಾಬರಿಯಾಗುವ ಘಟ್ಟ ಬರುತ್ತದೆ. ಡ್ರಿಪ್ಪಿಗೆ ಗ್ಲೂಕೋಸ್ ಸೇರಿಸುತ್ತಾರೆ! ಶುಗರ್ ಇರುವ ಮಗುವಿಗೆ ಗ್ಲೂಕೋಸೇ ಎಂದು ಜಗಳಕ್ಕೆ ನಿಂತವರೂ ಉಂಟು. ಸಕ್ಕರೆ ಇಳಿದರೂ ರಕ್ತದಲ್ಲಿ ಆಮ್ಲ ಇನ್ನೂ ಉಳಿದಿರುತ್ತದೆ. ಅದು ಹೋಗುವವರೆಗೆ ಇನ್ಸುಲಿನ್ ನಿಲ್ಲಿಸುವಂತಿಲ್ಲ. ಇನ್ಸುಲಿನ್ ಮುಂದುವರಿಯಬೇಕಾದರೆ ಸಕ್ಕರೆ ತೀರಾ ಕುಸಿಯದಂತೆ ಗ್ಲೂಕೋಸ್ ಬೇಕು. ರೋಗ ಗೊತ್ತಿಲ್ಲದಾಗ ಕ್ಲಿನಿಕ್ಕಿನಲ್ಲಿ ಕುತ್ತಾಗಬಹುದಾದ ಬಾಟ್ಲಿ, ಇನ್ಸುಲಿನ್ ಜೊತೆಗಿದ್ದಾಗ ಔಷಧಿಯೇ ಆಗುತ್ತದೆ.

ಮೆದುಳಿನ ಮೇಲೆ ಕಣ್ಣು

ಡಿಕೆಎಯಿಂದ ಮಕ್ಕಳು ಸಾಯುವುದಕ್ಕೆ ಮುಖ್ಯ ಕಾರಣ ಮೆದುಳಿನ ಊತ. ನೂರು ಮಕ್ಕಳಲ್ಲಿ ಒಬ್ಬರಿಗೋ ಅದಕ್ಕಿಂತ ಕಡಿಮೆಯೋ ಬರುತ್ತದೆ. ಆದರೆ ಬಂದವರಲ್ಲಿ ಐವರಲ್ಲಿ ಒಬ್ಬರಿಗಿಂತ ಹೆಚ್ಚು ಮಂದಿ ಸಾಯುತ್ತಾರೆ. ಸಾಮಾನ್ಯವಾಗಿ ಚಿಕಿತ್ಸೆ ಶುರುವಾದ ಮೊದಲ ಹನ್ನೆರಡು ಗಂಟೆಗಳಲ್ಲಿ, ಎಲ್ಲ ಸರಿಹೋಗುತ್ತಿದೆ ಎನ್ನುವಾಗಲೇ ಕಾಣಿಸಿಕೊಳ್ಳುತ್ತದೆ. ತಲೆನೋವು ಜೋರಾಗುವುದು, ನಿಂತಿದ್ದ ವಾಂತಿ ಮತ್ತೆ ಬರುವುದು, ಮಾತು ತೊದಲುವುದು, ನಾಡಿ ನಿಧಾನವಾಗಿ ಬಿ.ಪಿ. ಏರುವುದು ಅದರ ಗುರುತು. ಸ್ಕ್ಯಾನ್‌ಗೆ ಕಾಯದೆ ತಲೆದಿಂಬಿನ ಕಡೆ ಎತ್ತರಿಸಿ ಮ್ಯಾನಿಟಾಲ್ ಅಥವಾ ಶೇ 3ರ ಸಲೈನ್ ಕೊಡಬೇಕು. ಅದು ಹಾಸಿಗೆಯ ಪಕ್ಕದಲ್ಲೇ ಸಿದ್ಧವಿರಬೇಕು.

ದ್ರವ ಬೇಗ ಕೊಟ್ಟರೆ ಮೆದುಳು ಊದುತ್ತದೆಂದು ವೈದ್ಯರು ದಶಕಗಟ್ಟಲೆ ಹೆದರಿದ್ದರು. ಅಮೆರಿಕದ 13 ಆಸ್ಪತ್ರೆಗಳಲ್ಲಿ 1,255 ಮಕ್ಕಳ ಮೇಲೆ ನಡೆದು 2018ರಲ್ಲಿ ಹೊರಬಂದ ದೊಡ್ಡ ಪ್ರಯೋಗದಲ್ಲಿ, ಮಾರ್ಗಸೂಚಿಯ ಮಿತಿಯೊಳಗೆ ಸ್ವಲ್ಪ ಬೇಗ ಕೊಟ್ಟರೂ ನಿಧಾನವಾಗಿ ಕೊಟ್ಟರೂ ಮೆದುಳಿನ ಮೇಲಿನ ಪರಿಣಾಮದಲ್ಲಿ ವ್ಯತ್ಯಾಸ ಕಾಣಲಿಲ್ಲ. ಹೀಗಾಗಿ ಶಾಕ್‌ನಲ್ಲಿರುವ ಮಗುವಿಗೆ ಸಲೈನ್ ಕೊಡಲು ಹಿಂಜರಿಯಬೇಕಿಲ್ಲ. ಹಾಗೆಂದು ಲೆಕ್ಕ ಬಿಡುವಂತೆಯೂ ಇಲ್ಲ. ಗಂಟೆಗೊಮ್ಮೆ ಸಕ್ಕರೆ, ನಾಡಿ, ಬಿ.ಪಿ., ಪ್ರಜ್ಞೆಯ ಮಟ್ಟ. ಎರಡರಿಂದ ನಾಲ್ಕು ಗಂಟೆಗೊಮ್ಮೆ ಲವಣ ಮತ್ತು ಆಮ್ಲದ ಪರೀಕ್ಷೆ. ಈ ಚಿಕಿತ್ಸೆಯಲ್ಲಿ ದುಬಾರಿ ಔಷಧಿ ಒಂದೂ ಇಲ್ಲ. ಬೇಕಾದ್ದು ರಾತ್ರಿಯಿಡೀ ಎಚ್ಚರವಿರುವ ನರ್ಸ್ ಮತ್ತು ಡಾಕ್ಟರ್.

ಹಳೇ ಮದ್ರಾಸ್ ರಸ್ತೆಯಲ್ಲಿ

ಕೆ.ಆರ್. ಪುರದಲ್ಲೂ, ಸರ್ ಸಿ.ವಿ. ರಾಮನ್ ಹೆಸರಿನಲ್ಲಿ ಇಂದಿರಾನಗರದಲ್ಲೂ ಸರ್ಕಾರಿ ಜನರಲ್ ಆಸ್ಪತ್ರೆಗಳಿವೆ. ಹಲಸೂರಿನಲ್ಲಿ ರೆಫರಲ್ ಆಸ್ಪತ್ರೆ ಇದೆ. ಬೌರಿಂಗ್ ಈಗ ವೈದ್ಯಕೀಯ ಕಾಲೇಜಿನ ಆಸ್ಪತ್ರೆ. ನಗರದ ಇನ್ನೊಂದು ಮಗ್ಗುಲಲ್ಲಿ ಇಂದಿರಾಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆ, ವಾಣಿವಿಲಾಸ, ಕೋರಮಂಗಲದ ಸೇಂಟ್ ಜಾನ್ಸ್ ಇವೆ. ನಕ್ಷೆಯಲ್ಲಿ ಎಲ್ಲವೂ ಹತ್ತಿರವೇ. ಆದರೆ ಸಂಜೆ ಆರಕ್ಕೆ ಟಿನ್ ಫ್ಯಾಕ್ಟರಿ ಜಂಕ್ಷನ್ ದಾಟಿದವರಿಗೆ ಕಿಲೋಮೀಟರಿನ ಲೆಕ್ಕ ಹೇಳಿ ಪ್ರಯೋಜನವಿಲ್ಲ. ಕೆ.ಆರ್. ಪುರದ ನರ್ಸಿಂಗ್ ಹೋಮಿನಿಂದ ‘ಇಲ್ಲಿ ಆಗಲ್ಲ, ದೊಡ್ಡಾಸ್ಪತ್ರೆಗೆ ಹೋಗಿ’ ಎಂದು ಚೀಟಿ ಬರೆದು ಆಟೊ ಹತ್ತಿಸಿದರೆ ಚಿಕಿತ್ಸೆಯ ಮೊದಲ ಗಂಟೆ ಹಳೇ ಮದ್ರಾಸ್ ರಸ್ತೆಯಲ್ಲೇ ಕಳೆಯುತ್ತದೆ.

ಕಳಿಸುವ ಮುನ್ನ ಮಾಡಬಹುದಾದದ್ದು ಬಹಳವಿದೆ. ಮಗುವಿನ ತೂಕ ನೋಡಿ, ಸಕ್ಕರೆ ಪರೀಕ್ಷಿಸಿ, ಮೂತ್ರದ ಸ್ಟ್ರಿಪ್‌ನಲ್ಲಿ ಕೀಟೋನ್ ನೋಡಿ ಬರೆಯುವುದು. ರಕ್ತನಾಳಕ್ಕೆ ಸೂಜಿ ಹಾಕಿ ನಾರ್ಮಲ್ ಸಲೈನ್ ಶುರುಮಾಡುವುದು. ಎಷ್ಟು ಎಂಎಲ್, ಎಷ್ಟು ಹೊತ್ತಿಗೆ ಎಂದು ಚೀಟಿಯಲ್ಲಿ ಕಾಣಿಸುವುದು. ಇನ್ಸುಲಿನ್ ಆತುರ ಮಾಡದಿರುವುದು. ಮಕ್ಕಳ ಐಸಿಯುನಲ್ಲಿ ಹಾಸಿಗೆ ಇದೆಯೇ ಎಂದು ಫೋನ್ ಮಾಡಿ ಖಚಿತಪಡಿಸಿಕೊಂಡು, 108 ಆಂಬುಲೆನ್ಸ್‌ನಲ್ಲಿ ಕಳಿಸುವುದು. ಡ್ರಿಪ್ ಏರಿಸಿಕೊಂಡ ಮಗು ಟ್ರಾಫಿಕ್‌ನಲ್ಲಿ ಸಿಕ್ಕಿಕೊಂಡರೂ ಚಿಕಿತ್ಸೆ ನಡೆಯುತ್ತಿರುತ್ತದೆ.

ಮನೆಗೆ ಬಂದ ಮೇಲೆ

ಒಮ್ಮೆ ಡಿಕೆಎ ದಾಟಿದ ಮಗುವಿಗೆ ಅದು ಮತ್ತೆ ಬರದಿರುವುದು ಮನೆಯವರ ಕೈಯಲ್ಲಿದೆ. ಇನ್ಸುಲಿನ್ ಶುರುವಾದ ಕೆಲವು ವಾರಗಳಲ್ಲಿ ಅನೇಕ ಮಕ್ಕಳಿಗೆ ಡೋಸ್ ತಾನಾಗಿ ಕಡಿಮೆ ಸಾಕಾಗುತ್ತದೆ. ಅಳಿದುಳಿದ ಕೋಶಗಳು ಸ್ವಲ್ಪ ಕಾಲ ಚೇತರಿಸಿಕೊಳ್ಳುವ ಅವಧಿ ಅದು. ‘ಗುಣವಾಗ್ತಾ ಇದೆ, ನಾಟಿ ಔಷಧಿಗೆ ಹಾಕೋಣ’ ಎಂದು ಇನ್ಸುಲಿನ್ ನಿಲ್ಲಿಸಿ ಮತ್ತೆ ಐಸಿಯು ಸೇರುವುದು ಆಗಲೇ. ಜ್ವರ ಬಂದು ಮಗು ಊಟ ಮಾಡದಿದ್ದರೂ ಇನ್ಸುಲಿನ್ ಪೂರ್ತಿ ನಿಲ್ಲಿಸಬಾರದು. ಡೋಸ್ ಎಷ್ಟೆಂದು ಡಾಕ್ಟರಿಗೆ ಫೋನ್ ಮಾಡಿ ಕೇಳಬೇಕು. ಕೀಟೋನ್ ಪರೀಕ್ಷಿಸಬೇಕು.

ಔಷಧಿ ಅಂಗಡಿಯಲ್ಲಿ ಸಿರಿಂಜ್ ಕೊಳ್ಳುವಾಗ ಬಣ್ಣ ನೋಡಿ. 40 ಯೂನಿಟ್‌ನ ಬಾಟಲಿಗೆ ಕೆಂಪು ಮುಚ್ಚಳದ ಸಿರಿಂಜ್, 100 ಯೂನಿಟ್‌ನದಕ್ಕೆ ಕಿತ್ತಳೆ ಮುಚ್ಚಳದ್ದು. 40ರ ಬಾಟಲಿಯಿಂದ ಕಿತ್ತಳೆ ಸಿರಿಂಜಿನಲ್ಲಿ 10ರ ಗೆರೆವರೆಗೆ ಎಳೆದರೆ ಒಳಗೆ ಹೋಗುವುದು ನಾಲ್ಕೇ ಯೂನಿಟ್. ತಾಯಿ ತಪ್ಪದೆ ಚುಚ್ಚುತ್ತಿದ್ದರೂ ಮಗುವಿನ ಸಕ್ಕರೆ ಏರುತ್ತಲೇ ಇರುತ್ತದೆ. ಫ್ರಿಜ್ ಇಲ್ಲದ ಮನೆಯಲ್ಲಿ ಬಾಟಲಿಯನ್ನು ನೀರು ಹೊಗದಂತೆ ಕಟ್ಟಿ ಮಣ್ಣಿನ ಮಡಕೆಯ ತಂಪಿನಲ್ಲಿಡಬಹುದು. ಫ್ರೀಜರ್‌ನಲ್ಲಿ ಮಾತ್ರ ಇಡಬಾರದು.

ಪಾರ್ಮಾ ಮಾಡಿದ್ದನ್ನು ಪುರ ಮಾಡಲಾರದೇ?

ಇಟಲಿಯ ಪಾರ್ಮಾ ಪ್ರಾಂತ್ಯದಲ್ಲಿ 1990ರ ದಶಕದ ಆರಂಭದಲ್ಲಿ ಒಂದು ಸರಳ ಕೆಲಸ ಮಾಡಿದರು. ಹಾಸಿಗೆ ಒದ್ದೆ ಮಾಡತೊಡಗಿದ, ಪದೇಪದೇ ನೀರು ಕುಡಿಯುವ ಮಗುವಿಗೆ ಮಧುಮೇಹ ಇರಬಹುದೆಂದು ಹೇಳುವ ಪೋಸ್ಟರನ್ನು ಶಾಲೆಗಳಲ್ಲಿ, ಮಕ್ಕಳ ವೈದ್ಯರ ಕೊಠಡಿಗಳಲ್ಲಿ ಅಂಟಿಸಿದರು. ವೈದ್ಯರಿಗೆ ಸಕ್ಕರೆ ಅಳೆಯುವ ಉಪಕರಣ ಕೊಟ್ಟರು. ಅದಕ್ಕೂ ಮುಂಚೆ ಹೊಸದಾಗಿ ಪತ್ತೆಯಾಗುತ್ತಿದ್ದ ಮಕ್ಕಳಲ್ಲಿ ಶೇ 78ರಷ್ಟು ಮಂದಿ ಡಿಕೆಎ ಹಂತದಲ್ಲೇ ಆಸ್ಪತ್ರೆ ತಲುಪುತ್ತಿದ್ದರು. ಆಮೇಲಿನ ವರ್ಷಗಳಲ್ಲಿ ಅದು ಶೇ 12.5ಕ್ಕೆ ಇಳಿಯಿತು.

ಬೆಂಗಳೂರು ಪೂರ್ವಕ್ಕೆ ಇದು ದೊಡ್ಡ ಖರ್ಚಲ್ಲ. ಪೋಸ್ಟರ್ ಕನ್ನಡ, ತಮಿಳು, ಉರ್ದು, ತೆಲುಗು, ಇಂಗ್ಲಿಷ್ ಐದರಲ್ಲೂ ಇರಲಿ. ಸರ್ಕಾರಿ ಶಾಲೆ, ಅಂಗನವಾಡಿ, ಸರ್ಕಾರದ ‘ನಮ್ಮ ಕ್ಲಿನಿಕ್’, ಔಷಧಿ ಅಂಗಡಿಗಳ ಗೋಡೆ ಸಾಕು. ಟಾಯ್ಲೆಟ್ಟಿಗೆ ಪದೇಪದೇ ಹೋಗುವ ಮಗುವನ್ನು ಗದರುವ ಬದಲು ಟೀಚರ್ ಮನೆಯವರಿಗೆ ಒಂದು ಮಾತು ತಿಳಿಸಲಿ. ಪ್ರತಿ ಕ್ಲಿನಿಕ್ಕಿನ ಮೇಜಿನ ಮೇಲೆ ಕೆಲಸ ಮಾಡುವ ಗ್ಲುಕೋಮೀಟರ್ ಇರಲಿ. ವಾಂತಿ, ಏದುಸಿರು, ವಿಪರೀತ ಸುಸ್ತು ಎಂದು ಬರುವ ಯಾವ ಮಗುವಿಗೂ ಬೆರಳಿಗೊಂದು ಚುಚ್ಚು ಬೀಳದೆ ಡ್ರಿಪ್ ಏರದಿರಲಿ. ಡಾಕ್ಟರ್ ಮರೆತರೆ ನೀವು ನೆನಪಿಸಿ: ‘ಗ್ಲೂಕೋಸ್ ಹಾಕೋ ಮುಂಚೆ ಒಂದ್ಸಲ ಶುಗರ್ ನೋಡಿಬಿಡಿ ಡಾಕ್ಟ್ರೇ.’ ಹಾಗೆ ಕೇಳಲು ಸಂಕೋಚ ಬೇಡ.